ಕೈ ಬಿಟ್ಟ ಮೇಲಿನ ಬವರಿ

ಬವರಿ ಎಂಬ ಮಾತು ನಮ್ಮ ಮನೆಯಲ್ಲಿ ಆಯಿಯ ಬಾಯಲ್ಲಿ ಮಾತ್ರ ಇತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಹುಕ್ಕೇರಿ ಕಡೆಯಿಂದ ಮಸಗುಪ್ಪಿಗೆ ಸೊಸೆಯಾಗಿ ಬರುವಾಗ ತವರಿನಿಂದ ಏನೇನು ಹೊತ್ತು ತಂದಿದ್ದಳೋ ಗೊತ್ತಿಲ್ಲ. ನನ್ನ ಕಾಲಕ್ಕೆ ಉಳಿದದ್ದು ಒಂದು ತಾಮ್ರದ ಚರಿಗೆ, ಸಿಟ್ಟು ಬಂದಾಗ ಆಡುವ ಮರಾಠಿ, ಮತ್ತು ಈ ಒಂದು ಮಾತು. ಊರಿನವರು ಯಾವುದು ಸುತ್ತಿದರೂ ಗಿರಕಿ ಅಂದು ಮುಗಿಸುತ್ತಿದ್ದರು. ಆಯಿಗೆ ಅಷ್ಟು ಸಸ್ತಾ ಮಾತು ಸಾಲುತ್ತಿರಲಿಲ್ಲ. ಕೈ ತಿರುಗಿಸುತ್ತಿರುವ ತನಕ ಅದು ಬರೀ ತಿರುಗುವುದು. ಕೈ ಬಿಟ್ಟ ಮೇಲೂ ನಿಲ್ಲದೆ ತಾನೇ ಸುತ್ತುತ್ತದಲ್ಲ, ಅದಷ್ಟೇ ಬವರಿ. ನಾನು ಪಡಸಾಲೆಯ ಕಂಬ ಹಿಡಿದು ಸುತ್ತುತ್ತ "ಆಯಿ, ಬವರಿ ನೋಡ" ಎಂದು ಕೂಗಿದರೆ ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ತಿದ್ದುತ್ತಿದ್ದಳು.

"ಅದು ಬವರಿ ಅಲ್ಲ. ನಿನ್ನ ಕಾಲಿಲೆ ನೀನ ಸುತ್ತಾಕತ್ತಿ. ನಿಂದರು. ನಿಂತಿಯಿಲ್ಲೊ? ಈಗ ಕಣ್ಣಮುಂದ ಮನಿ ಸುತ್ತಾಕತ್ತೈತಲಾ, ಅದು ಬವರಿ."

ಬುಗುರಿಗೆ ಬವರಿ ಇತ್ತು, ಹಗ್ಗ ಕೈಜಾರಿದಾಗ ಬಾವಿಯ ಗಾಲಿಗೆ ಇತ್ತು. ಒಮ್ಮೆ ಅಪ್ಪ ನಮ್ಮನ್ನೆಲ್ಲ ಚಕ್ಕಡಿಯಲ್ಲಿ ಧುಪದಾಳದ ಒಡ್ಡು ನೋಡಲು ಕರೆದೊಯ್ದಿದ್ದ. ನೀರು ಧುಮುಕಿ ಮುಂದೆ ಹೋಗಿಯಾಗಿತ್ತು, ಆದರೂ ಒಂದು ಕಟ್ಟಿಗೆ ತುಂಡು ಇದ್ದಲ್ಲೇ ಸುತ್ತುತ್ತಿತ್ತು. ಆಯಿ ಅದನ್ನು ಬಹಳ ಹೊತ್ತು ನೋಡಿ, ಬವರಿ ಅಂದಳು. ಉಂಡು ಎಲೆಅಡಿಕೆ ಹಾಕಿಕೊಂಡು "ಬರತೇವ್ರಿ" ಎಂದು ಎದ್ದಮೇಲೂ ಹೊಸ್ತಿಲಲ್ಲಿ ನಿಂತು ಗಂಟೆಗಟ್ಟಲೆ ಮಾತಾಡುವ ಬೀಗರಿದ್ದಾರಲ್ಲ, ಅವರ ಬಗ್ಗೆಯೂ ಆಯಿ ಒಳಗೆ ಬಂದು "ಬವರಿ ಇನ್ನಾ ನಿಂತಿಲ್ಲ" ಎಂದು ನಗಿಸುತ್ತಿದ್ದಳು. ಮುಂದೆ ನಾನು ಗೋಕಾಕದ ಶಾಲೆಯಲ್ಲಿ ಕಲಿಸುತ್ತಿದ್ದಾಗ ಕಪಾಟಿನಲ್ಲಿದ್ದ ದಪ್ಪ ನಿಘಂಟು ತೆಗೆದು ನೋಡಿದೆ. ಬವರಿ ಎಂದರೆ ಸುತ್ತುವಿಕೆ, ತಿರುಗುವಿಕೆ ಎಂದಿತ್ತು. ಕೈ ಬಿಟ್ಟ ಸುದ್ದಿಯೇ ಇರಲಿಲ್ಲ. ಬರೆದವರು ಹುಕ್ಕೇರಿಗೆ ಹೋಗಿರಲಿಕ್ಕಿಲ್ಲ ಎಂದುಕೊಂಡು ಮುಚ್ಚಿಟ್ಟೆ.

ಆದರೆ ಆ ಮಾತಿನ ಖಾಸಾ ಜಾಗ ನಮ್ಮ ಬೀಸುವ ಕೋಣೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಅದು ಇತ್ತು. ಒಂದೇ ಕಿಟಕಿ, ನೆಲಕ್ಕೆ ಸಗಣಿ ಸಾರಣೆ, ನಡುವೆ ಇಬ್ಬರು ಎದುರುಬದುರು ಕೂತು ಬೀಸುವ ದೊಡ್ಡ ಕಲ್ಲು. ನಾವು ಜೈನರು, ಅಪ್ಪನಂತೂ ಶೋಧದ ಊಟದವನು. ಅಂದರೆ ಮನೆಯಲ್ಲೇ ಆರಿಸಿ, ಹಗಲು ಬೆಳಕಿನಲ್ಲೇ ಬೀಸಿದ ಹಿಟ್ಟು ಬೇಕು. ಅದೂ ಮಳೆಗಾಲದಲ್ಲಿ ಮೂರು ದಿನಕ್ಕಿಂತ ಹಳೆಯದಾಗಬಾರದು. ಮೂಡಲಗಿಯಲ್ಲಿ ಆಗಲೇ ಎಂಜಿನ್ನಿನ ಗಿರಣಿ ಬಂದಿತ್ತು. ಸಂತೆಗೆ ಹೋದವರು ಅದರ ಟುಕುಟುಕು ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಅಪ್ಪನಿಗೆ ಗಿರಣಿಯ ಹಿಟ್ಟು ಅಂದರೆ ಯಾರ ಯಾರದೋ ಕಾಳು, ಎಷ್ಟೋ ಹುಳ. ಹೀಗಾಗಿ ಮೂರು ದಿನಕ್ಕೊಮ್ಮೆ ಅವ್ವ ಮತ್ತು ತಾರತ್ತಿ ಮೆತ್ತನೆಯ ಅರಿವೆಯಿಂದ ಕಲ್ಲು ಒರೆಸಿ, ಇರುವೆ ಇದ್ದರೆ ಅಂಗಳಕ್ಕೆ ಬಿಟ್ಟು, ಜೋಳ ಬೀಸಲು ಕೂರುತ್ತಿದ್ದರು. ಕೊನೆಯ ಹಿಡಿ ಕಾಳು ಬಿದ್ದು ಕಲ್ಲು ಬರಿದಾದಾಗ ಇಬ್ಬರೂ ಒಟ್ಟಿಗೆ ಕೈ ಬಿಡಬೇಕು. ಕಲ್ಲು ತಾನೇ ಎಷ್ಟು ಸುತ್ತುತ್ತದೆಂದು ಆಯಿ ನೋಡುತ್ತಿದ್ದಳು. ಒಂದು ಸುತ್ತು ಪೂರ್ತಿ ಬಂದರೆ ಕೂಡಿಕೆ ಸರಿ ಇದೆ. ಬರದಿದ್ದರೆ ಗೂಟ ಸಡಿಲಾಗಿದೆ, ಇಲ್ಲವೇ ಅತ್ತಿಗೆ ನಾದಿನಿಯರ ನಡುವೆ ಏನೋ ನಡೆದಿದೆ ಅನ್ನುತ್ತಿದ್ದಳು. ನಡೆದಿರುತ್ತಿರಲಿಲ್ಲ, ಪಾಪ. ಅವರಿಬ್ಬರಷ್ಟು ಹೊಂದಿಕೊಂಡ ಹೆಂಗಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾರತ್ತಿ ಅಪ್ಪನ ತಂಗಿ, ಹೆಸರು ತಾರವ್ವ. ಹನ್ನೊಂದಕ್ಕೆ ಮದುವೆ, ಹನ್ನೆರಡಕ್ಕೆ ವಿಧವೆ. ಗಂಡನ ಮುಖ ನೆನಪಿಲ್ಲವೆಂದು ನನ್ನೆದುರಿಗೇ ಹೇಳುತ್ತಿದ್ದಳು. ಅಂದಿನಿಂದ ಬಿಳಿ ಸೀರೆ ಉಟ್ಟು ನಮ್ಮ ಮನೆಯಲ್ಲೇ ಇದ್ದಳು. ನಾನು ಶಾಲೆಗೆ ಹೋಗತೊಡಗಿದಾಗ ನನ್ನ ಪಾಟಿಯ ಮೇಲೆಯೇ ಅವಳೂ ಕಲಿತಳು. ಮೊದಮೊದಲು ನನ್ನಿಂದ ಕಲಿತಳು, ವರ್ಷ ಕಳೆಯುವುದರೊಳಗೆ ನನಗೇ ಕಿವಿ ಹಿಂಡಿ ಕಲಿಸತೊಡಗಿದಳು. ಬೀಸುತ್ತಲೇ ಅವ್ವನಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಅವ್ವನಿಗೆ ಹನ್ನೆರಡರ ಮುಂದೆ ಹೋಗಲಾಗಲಿಲ್ಲ. ಊರಿನ ಮಾಸ್ತರು ಒಳ್ಳೆಯವರು. ಅವಳ ಅಕ್ಷರವನ್ನು ನನ್ನ ಪಾಟಿಯಲ್ಲಿ ನೋಡಿ, ಇದು ನಿನ್ನದಲ್ಲ ಎಂದು ಹಿಡಿದರು. ಮುಂದೆ ಪರೀಕ್ಷೆ ಕಟ್ಟಿಸಿದರು. ಆಮೇಲೆ ಒಂದು ದಿನ ಧಾರವಾಡದಲ್ಲಿ ಹೆಣ್ಣುಮಕ್ಕಳನ್ನು ಮಾಸ್ತರ್ತಿ ಮಾಡುವ ಟ್ರೇನಿಂಗ್ ಶಾಲೆಯ ಅರ್ಜಿ ತರಿಸಿ ನನ್ನ ಚೀಲದಲ್ಲಿಟ್ಟು ಕಳಿಸಿದರು. ಅತ್ತಿ ಅದನ್ನು ಮೂರು ದಿನ ಕೂತು ತುಂಬಿದಳು. ಕೆಳಗೆ ಒಂದು ಗೆರೆ ಖಾಲಿ ಉಳಿಯಿತು. ಅಲ್ಲಿ ಪಾಲಕರ ಸಹಿ ಬೇಕಿತ್ತು, ಪಾಲಕ ಅಪ್ಪ.

ಅಪ್ಪ ಕೆಟ್ಟವನಲ್ಲ. ಇದನ್ನು ನಾನು ಹೇಳಲೇಬೇಕು, ಇಲ್ಲವಾದರೆ ಈ ಅಧ್ಯಾಯ ಓದಿದವರು ಅವನನ್ನು ರಾಕ್ಷಸ ಮಾಡುತ್ತಾರೆ. ಎತ್ತಿಗೆ ಬಾರುಕೋಲು ಮುಟ್ಟಿಸದವನು, ನಮಗೆ ಒಂದು ಪೆಟ್ಟು ಕೊಡದವನು. ಆದರೆ ಜನ ಏನಂದಾರು ಎಂಬ ಅಂಜಿಕೆ ಅವನಿಗೆ ಮೈತುಂಬ ಇತ್ತು. ಅಂಜಿಕೆ ಬಂದಾಗಲೆಲ್ಲ ಅದು ಸಿಟ್ಟಿನ ಮುಖ ಹಾಕಿಕೊಂಡು ಬರುತ್ತಿತ್ತು. ಶ್ರಾವಣದ ಒಂದು ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಅವನು ಕೂತಿದ್ದಾಗ ಅತ್ತಿ ಆ ಕಾಗದವನ್ನು ಅವನ ತಾಟಿನ ಬಾಜೂಕ್ಕೆ ಇಟ್ಟಳು. ಅವನು ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಓದಿದ.

"ಧಾರವಾಡಕ್ಕ ಯಾರ ಕೂಡ ಹೋಗಾಕಿ?"

"ಒಬ್ಬಾಕಿನ ಹೊಕ್ಕೇನಿ ಅಣ್ಣಾ. ಅಲ್ಲೇ ಇರಾಕ ಜಾಗಾ ಕೊಡತಾರಂತ."

"ನಾ ನಿನಗ ಕೂಳ ಹಾಕಾಕ ಆಗದಾಂವ ಅಂತ ಊರಾಗ ಡಂಗುರ ಸಾರಬೇಕಂತ ಮಾಡೀಯೇನು?"

"ಕೂಳಿಗಲ್ಲ ಅಣ್ಣಾ. ನನಗ ಕಲಸಾಕ ಬರತೈತಿ. ಬರೂದು ಮಾಡಬೇಕನಸ್ತೈತಿ."

ಇಷ್ಟೇ ಅವಳು ಅಂದದ್ದು, ದನಿಯನ್ನೂ ಏರಿಸಲಿಲ್ಲ. ಅಪ್ಪನ ಮುಖ ಕೆಂಪಾಯಿತು. ಅವನು ಬಸದಿಯ ದಿಕ್ಕಿಗೆ ತಿರುಗಿ ಹೇಳಿದ:

"ಪಾರ್ಶ್ವನಾಥ ಸ್ವಾಮಿ ಸಾಕ್ಷಿ. ಈ ಕಾಗದ ನಿನ್ನ ಕೈಯಿಲೆ ಹರದು ಒಲಿಗೆ ಹಾಕೂ ತನಕ, ನೀ ಬೀಸಿದ ಹಿಟ್ಟು ನನಗ ತ್ಯಾಗ."

ಕೈಯಲ್ಲಿ ರೊಟ್ಟಿ ಇತ್ತು, ಅದಕ್ಕೆ ಮಾತು ಹಿಟ್ಟಿನ ಮೇಲೆ ಬಿತ್ತು. ನೀರಿನ ತಂಬಿಗೆ ಇದ್ದಿದ್ದರೆ ನೀರಿನ ಮೇಲೆ ಬೀಳುತ್ತಿತ್ತು. ನಮ್ಮವರಲ್ಲಿ ತ್ಯಾಗ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಲ್ಲ, ಉಪ್ಪು, ತುಪ್ಪ ಯಾವುದನ್ನಾದರೂ ಇಂಥ ಕಾಲದವರೆಗೆ ಬಿಟ್ಟೆ ಎಂದು ದೇವರ ಸಾಕ್ಷಿಯಾಗಿ ಅಂದರೆ, ಅದನ್ನು ಆಮೇಲೆ ಯಾರೂ ಬಿಡಿಸಲಾರರು, ಅಂದವನೂ ಬಿಡಿಸಿಕೊಳ್ಳಲಾರ. ಪುಣ್ಯಕ್ಕಾಗಿ ಇಟ್ಟ ಈ ರೂಢಿಯನ್ನು ಸಿಟ್ಟಿಗೆ ಬಳಸಿದ್ದು ಅಪ್ಪನ ತಪ್ಪು. ಅದು ಅವನಿಗೆ ಆ ರಾತ್ರಿಯೇ ಗೊತ್ತಾಗಿತ್ತೆಂದು ನನ್ನ ನಂಬಿಕೆ. ಮರುದಿನ ಹೊಲಕ್ಕೆ ಹೋಗುವಾಗ ತಂಗಿಯ ಮುಖ ನೋಡಲಾರದೆ ಹಿತ್ತಲ ಬಾಗಿಲಿನಿಂದ ಹೋದ. ಎರಡು ದಿನ ಬಿಟ್ಟು ಆಯಿ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು:

"ಸಿಟ್ಟು ಇನ್ನಾ ಐತೇನೊ?"

"ಇಲ್ಲವ್ವಾ."

"ಮತ್ತ ಈ ಬವರಿ ಯಾಕ?"

"ಸ್ವಾಮಿ ಮುಂದ ಅಂದೇನಿ. ಈಗ ನನ್ನ ಕೈಯಾಗ ಏನೈತಿ?"

ಆಯಿ ಮರಾಠಿಯಲ್ಲಿ ಏನೋ ಅಂದಳು. ಅಪ್ಪ ತಲೆ ತಗ್ಗಿಸಿಕೊಂಡು ಎದ್ದುಹೋದ.

ಅವ್ವ ಆಗ ಆರು ತಿಂಗಳು ದಾಟಿದ ಬಸುರಿ. ಮನೆಯಲ್ಲಿದ್ದದ್ದು ಒಂದೇ ಕಲ್ಲು, ಅದೂ ಇಬ್ಬರದು. ಆಯಿಯ ಬಲಗೈ ಅಲುಗುತ್ತಿತ್ತು, ಅವಳಿಂದ ಬತ್ತಿ ಹೊಸೆಯುವುದೇ ಹೆಚ್ಚು. ನೆರೆಯವರನ್ನು ಕರೆದರೆ ಯಾಕೆ ಏನು ಎಂದು ಊರೆಲ್ಲ ಕೇಳುತ್ತದೆ. ಮೊದಲ ಸರದಿ ಅವ್ವನ ಎದುರಿಗೆ ನಾನು ಕೂತೆ. ನನಗೆ ಒಂಬತ್ತು ವರ್ಷ. ಗೂಟ ಆಚೆ ಬದಿಗೆ ಹೋದಾಗ ನನ್ನ ತೋಳು ಮುಟ್ಟುತ್ತಿರಲಿಲ್ಲ, ಕಲ್ಲೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಅವ್ವ ನನ್ನನ್ನೂ ಎಳೆದು ಕಲ್ಲನ್ನೂ ಎಳೆದು, ಕಡೆಗೆ ಗೋಡೆಗೆ ಒರಗಿ ಕೂತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. ಅಡುಗೆಮನೆಯಿಂದ ಅತ್ತಿ ಓಡಿ ಬಂದಳು. ಅವಳ ಕೈಯಲ್ಲಿ ಆ ಕಾಗದವಿತ್ತು, ಹರಿಯಲು ಎರಡು ಬೆರಳುಗಳ ನಡುವೆ ಹಿಡಿದಿದ್ದಳು.

"ವೈನಿ, ಸಾಕು. ಹರದ ಬಿಡತೇನಿ."

"ಹರದಿ ಅಂದ್ರ ನನ್ನ ಕೂಡ ಮಾತಾಡಬ್ಯಾಡ, ತಾರವ್ವ. ನಾ ಮಗ್ಗಿ ಹನ್ನೆರಡಕ್ಕ ನಿಂದರಸಿದಾಕಿ. ನೀ ನಿಂದರಬ್ಯಾಡ. ಬಾ, ಕುಂದರು, ಹಿಡಿ ಗೂಟ."

"ಅಣ್ಣನ ನೇಮ?"

"ಅವರ ನೇಮದ ಪಾಪ ನನಗ ಬರಲಿ. ಕುಂದರು ಅಂದ್ನೆಲ್ಲ."

ಅತ್ತಿ ಅತ್ತುಕೊಂಡೇ ಕೂತಳು. ಇಬ್ಬರೂ ಹಳೆಯ ಹಾಗೆ ಬೀಸಿದರು. ಅಪ್ಪ ಹೊಲದಲ್ಲಿದ್ದ. ಅಡ್ಡಗೋಡೆಯ ಆಚೆ ಆಯಿ ಕೆಮ್ಮಿದಳು, ಒಳಗೆ ಬರಲಿಲ್ಲ. ಬೀಸಿ ಮುಗಿದ ಮೇಲೆ ಅವ್ವ ಹಿಟ್ಟು ಮೆತ್ತಿದ ಕೈಯಿಂದ ನನ್ನ ಗಲ್ಲ ಹಿಡಿದಳು.

"ಪದ್ದಿ, ಅಪ್ಪ ಕೇಳಿದ್ರ ಅವ್ವ ಒಬ್ಬಾಕಿನ ಬೀಸಿದ್ಲು ಅನ್ನು. ತಿಳೀತಿಲ್ಲೊ?"

ತಿಳಿಯಿತು ಎಂದೆ. ನನಗೆ ಖುಷಿಯೂ ಆಯಿತು. ದೊಡ್ಡವರ ಗುಟ್ಟೊಂದು ಕೈಗೆ ಸಿಕ್ಕರೆ ಮಕ್ಕಳಿಗೆ ಅದೊಂದು ಹಬ್ಬ. ಹೀಗೆ ಏಳೆಂಟು ಸರದಿ ನಡೆಯಿತು. ಅಪ್ಪ ಏನೂ ತಿಳಿಯದೆ ಊಟ ಮಾಡುತ್ತಿದ್ದ. ಅವ್ವ ದಣಿಯುತ್ತಾಳೆಂದು ಎರಡು ರೊಟ್ಟಿ ತಿನ್ನುವಲ್ಲಿ ಒಂದೂವರೆ ತಿನ್ನತೊಡಗಿದ್ದ. ಅದನ್ನು ಕಂಡು ಅವ್ವ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ. ಪ್ರೀತಿ ಇಲ್ಲದ ಮನೆಯಾಗಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ.

ಭಾದ್ರಪದ ಬಂತು, ದಶಲಕ್ಷಣ ಪರ್ವ ಬಂತು. ಹತ್ತು ದಿನ ಹತ್ತು ಗುಣಗಳ ಪೂಜೆ. ಸಂಜೆಗೆ ಬಸದಿಯಲ್ಲಿ ಪಂಡಿತರು ಕಥೆ ಹೇಳುತ್ತಿದ್ದರು. ಮೊದಲ ದಿನ ಮಕ್ಕಳನ್ನು ಸಾಲಾಗಿ ಕೂರಿಸಿ, ಪರ್ವ ಮುಗಿಯುವವರೆಗೆ ಯಾರು ಏನು ಬಿಡುತ್ತೀರಿ ಎಂದು ಕೇಳಿದರು. ಒಬ್ಬಳು ಬೆಲ್ಲ ಬಿಟ್ಟಳು. ಒಬ್ಬ ಪೇರಲಹಣ್ಣು ಬಿಟ್ಟ, ಅವು ಇನ್ನೂ ಕಾಯಾಗಿದ್ದವು. ನನ್ನ ಸರದಿ ಬಂದಾಗ ಎಲ್ಲರಿಗಿಂತ ದೊಡ್ಡದನ್ನು ಬಿಡಬೇಕೆಂಬ ಹುಕಿ ಬಂತು. ಸುಳ್ಳು ಬಿಟ್ಟೆ ಎಂದೆ. ಪಂಡಿತರು ತಲೆದೂಗಿ, ಇಡೀ ಬಸದಿಗೆ ಕೇಳುವ ಹಾಗೆ "ಭೂಪಾಲನ ಮಗಳು ಸತ್ಯದ ನೇಮ ತೊಗೊಂಡ್ಳು ನೋಡ್ರಿ" ಎಂದರು. ಗಂಡಸರ ಸಾಲಿನಲ್ಲಿ ಅಪ್ಪ ಎದೆ ಸೆಟೆಸಿ ಕೂತದ್ದು ನನಗೆ ಕಂಡಿತು. ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದೆ. ಅವಳು ಜೋಳ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಬೆಲ್ಲ ಬಿಡಬೇಕಿತ್ತಲ್ಲವ್ವಾ," ಅಂದಳು.

ನಡುವಿನ ಒಂದು ದಿನ ಸತ್ಯದ್ದು. ಅಂದು ಬೆಳಗಿನ ಪೂಜೆಯಲ್ಲಿ ಪಂಡಿತರು, ಇನ್ನೊಬ್ಬರಿಗೆ ನೋವಾಗುವುದಾದರೆ ಸುಮ್ಮನಿರಬೇಕು, ಸುಮ್ಮನಿರುವುದು ಸುಳ್ಳಲ್ಲ ಎಂದೂ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು. ಕೇಳಲಿಲ್ಲ, ತಿಳಿಯಲಿಲ್ಲ ಎಂದು ಬರೆದುಕೊಂಡರೆ ಈ ವಯಸ್ಸಿನಲ್ಲಿ ನಾನು ಮತ್ತೆ ಸುಳ್ಳಿಯಾಗುತ್ತೇನೆ. ಸಂಜೆ ಊಟಕ್ಕೆ ಅಪ್ಪ ಕೂತಿದ್ದ. ಇಡೀ ದಿನ ಒಂದೇ ಊಟ, ಹಸಿದಿದ್ದ, ಆದರೂ ಉಲ್ಲಾಸದಲ್ಲಿದ್ದ. ನನ್ನನ್ನು ಎದುರಿಗೆ ಕೂರಿಸಿಕೊಂಡು ತಮಾಷೆಗೆ ಇಳಿದ.

"ಇವತ್ತ ಸತ್ಯದ ದಿನ. ನಮ್ಮ ಪದ್ದಿನ್ನ ಏನರ ಕೇಳ್ರಿ, ಖರೇನ ಹೇಳತಾಳ. ಹೇಳವ್ವಾ, ಅಪ್ಪ ಕರಿಯಾಂವೊ ಕೆಂಪಾಂವೊ?"

"ಕರಿಯಾಂವ."

ಆಯಿ ಕೂಡ ನಕ್ಕಳು. ಅಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

"ಮತ್ತ ಇದನ್ನ ಹೇಳು. ನಿಮ್ಮವ್ವ ಇಂಥಾ ಮೈಯಾಗ ಒಬ್ಬಾಕಿನ ಬೀಸಿದ್ರೂ ಹಿಟ್ಟು ಬೆಣ್ಣಿ ಆಗೇತಿ. ಹೌದಿಲ್ಲೊ?"

ಅದು ಪ್ರಶ್ನೆಯೇ ಅಲ್ಲ, ಅವ್ವನಿಗೆ ಕೇಳಲಿ ಎಂದು ಅಂದ ಮೆಚ್ಚುಗೆ. ನಾನು ನಕ್ಕು ಸುಮ್ಮನಾಗಬಹುದಿತ್ತು. ಒಲೆಯ ಮುಂದಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಅತ್ತಿ ನೀರಿನ ಕೊಡದ ಹತ್ತಿರ ಅಲುಗದೆ ನಿಂತಿದ್ದಳು. ಆ ಮೂವರು ಹೆಂಗಸರ ಉಸಿರು ನನ್ನ ಬಾಯಿಯ ಮೇಲಿತ್ತು. ಅದು ನನಗೆ ಗೊತ್ತಿತ್ತು. ಖರೆ ಹೇಳುವುದರಲ್ಲಿ ಒಂದು ರುಚಿ ಇರುತ್ತದೆ. ಅದನ್ನು ನಾನು ಬಸದಿಯಲ್ಲಿ ಒಮ್ಮೆ ನೋಡಿದ್ದೆ, ಮತ್ತೆ ಬೇಕೆನಿಸಿತು.

"ಒಬ್ಬಾಕಿ ಅಲ್ಲಪ್ಪಾ. ಅತ್ತಿನೂ ಬೀಸಿದ್ಲು. ಯಾವಾಗ್ಲೂ ಅತ್ತಿನೂ ಬೀಸತಾಳ."

ಅಪ್ಪನ ದವಡೆ ನಿಂತಿತು. ಬಾಯಲ್ಲಿದ್ದ ತುತ್ತನ್ನು ಎಡಗೈಗೆ ತೆಗೆದ. ಊಟದ ನಡುವೆ ದೋಷ ಕಂಡರೆ ನಮ್ಮಲ್ಲಿ ಅಂತರಾಯ ಅನ್ನುತ್ತಾರೆ. ಅಲ್ಲಿಗೆ ಆ ದಿನದ ಅನ್ನ ಮುಗಿಯಿತು. ಅವನು ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ, ಬಹಳ ಸಲ ಮುಕ್ಕಳಿಸಿದ. ಕೂಗಾಡಿದ್ದರೆ ಚೆನ್ನಾಗಿತ್ತು. ಹೊರಗೆ ಬಂದು ಗೋಡೆ ನೋಡುತ್ತ ಇಷ್ಟೇ ಅಂದ:

"ಮೂರ ವಾರ ನೇಮ ಮುರದು ಉಂಡೇನಿ. ಪರ್ವದಾಗೂ ಉಂಡೇನಿ."

ಎರಡು ದಿನ ಅವನು ನೀರು ಬಿಟ್ಟು ಏನೂ ಮುಟ್ಟಲಿಲ್ಲ, ಪ್ರಾಯಶ್ಚಿತ್ತ ಎಂದ. ಅತ್ತಿ ಮತ್ತೆ ಕಾಗದ ಹಿಡಿದು ಬಂದಳು. ಅವ್ವ ಅದನ್ನು ಅವಳ ಕೈಯಿಂದ ಕಸಿದು ದೇವರ ಗೂಡಿನಲ್ಲಿ ಇಟ್ಟಳು. ಅಲ್ಲಿಂದ ಅದನ್ನು ತೆಗೆದು ಹರಿಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೂರನೆಯ ದಿನ ಅಪ್ಪ ಉಣ್ಣಬೇಕಿತ್ತು, ಹೊಸ ಹಿಟ್ಟು ಬೇಕಿತ್ತು. ಹಣ್ಣು ಹಾಲಿನಲ್ಲಿ ಇರುತ್ತೇನೆ, ಬೀಸಬೇಡ ಎಂದು ಅವನು ಹೇಳಿದ್ದು ನಿಜ. ಆದರೆ ಅವ್ವನಿಗೂ ಒಂದು ಹಟ ಹತ್ತಿತ್ತು. ಉಪವಾಸದ ಮೇಲೆ ಉಪವಾಸ ಮಾಡಿಸಿದಳು ಎಂಬ ಮಾತು ತನಗೆ ಬೇಡ, ತಾರವ್ವ ಸೋತಳು ಎಂಬ ಮಾತೂ ಬೇಡ. ಬೆಳಿಗ್ಗೆ ಕಿಟಕಿಯ ಬೆಳಕು ಬೀಳುತ್ತಲೇ ಕಲ್ಲಿನ ಮುಂದೆ ಕೂತಳು. ನಾನು ಎದುರಿಗೆ ಕೂತೆ. ತಾರತ್ತಿಯನ್ನು ಕೋಣೆಯ ಒಳಗೆ ಕಾಲಿಡಲು ಅವ್ವ ಬಿಡಲಿಲ್ಲ. ಅವಳು ಹೊಸ್ತಿಲ ಆಚೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಅರ್ಧ ಸೇರು ಆಗಿತ್ತೋ ಏನೋ. ಅವ್ವ "ಅಯ್ಯ" ಎಂದಳು, ಏನೋ ಮರೆತದ್ದು ನೆನಪಾದವರ ಹಾಗೆ. ಅವಳ ಕೈ ಗೂಟದಿಂದ ಜಾರಿತು. ಕಲ್ಲು ನಿಲ್ಲಲಿಲ್ಲ. ನನ್ನ ಕೈಯನ್ನು ಎಳೆದುಕೊಂಡು ಅವಳ ಬದಿಗೆ ಹೋಯಿತು, ಹೋಗಿ ಅವಳ ಮೊಣಕಾಲಿಗೆ ತಾಗಿ ನಿಂತಿತು. ಅವಳ ಸೀರೆ ಒದ್ದೆಯಾಗುತ್ತಿದ್ದುದನ್ನು ನಾನು ನೋಡಿದೆ. ನೀರು ಎಂದುಕೊಂಡೆ. ಅತ್ತಿ ಒಳಗೆ ಬಂದದ್ದು, ಆಯಿ ಕೂಗಿದ್ದು, ಕಟ್ಟೆಯ ಮೇಲಿದ್ದ ಅಪ್ಪ ಪೂಜೆಯ ಮಡಿಯಲ್ಲೇ ಓಡಿ ಬಂದು ಅವಳನ್ನು ಎತ್ತಿಕೊಂಡದ್ದು ಎಲ್ಲ ಒಂದೇ ಹೊತ್ತಿಗೆ ಆಯಿತು. ಸೂಲಗಿತ್ತಿಯನ್ನು ಕರೆತಂದರು. ನನ್ನನ್ನು ನೆರೆಮನೆಗೆ ಕಳಿಸಿದರು. ಅಲ್ಲಿ ನನಗೆ ಬೆಲ್ಲ ಕೊಬ್ಬರಿ ಕೊಟ್ಟರು. ಸಂಜೆ ತಿರುಗಿ ಬಂದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಹೊಟ್ಟೆ ಇಳಿದಿತ್ತು. ಮನೆಯಲ್ಲಿ ಮಗು ಇರಲಿಲ್ಲ. ಹಿತ್ತಲ ಕಡೆಯಿಂದ ಅಪ್ಪ ಕೈಕಾಲು ತೊಳೆದುಕೊಂಡು ಬಂದ, ಸಲಿಕೆಯನ್ನು ಗೋಡೆಗೆ ಆನಿಸಿದ. ಯಾರೂ ನನಗೆ ಏನೂ ಹೇಳಲಿಲ್ಲ. ಯಾರೂ ಬೈಯಲೂ ಇಲ್ಲ. ಆ ವಾರವಿಡೀ ಮನೆಯಲ್ಲಿ ಎಲ್ಲರೂ ನನ್ನ ತಾಟಿಗೆ ತಮಗಿಂತ ಮೊದಲು ಅನ್ನ ಹಾಕಿದರು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಮುಂದೆ ಎಲ್ಲೂ ಉಣ್ಣಲಿಲ್ಲ.

ಪರ್ವ ಮುಗಿದ ಮೇಲೆ ಕ್ಷಮೆಯ ದಿನ. ಅಂದು ನಮ್ಮಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕು, ಎದುರಿನವರು ಕ್ಷಮಾ ಅನ್ನಬೇಕು. ಬೇರೆ ವರ್ಷ ಅದು ನಗೆಯ ಹಬ್ಬ. ಆ ವರ್ಷ ಅಪ್ಪ ಬಸದಿಯಿಂದ ಬಂದವನು ನೇರ ಅವ್ವನ ಹಾಸಿಗೆಯ ಬಾಜೂಕ್ಕೆ ಹೋಗಿ ಮೊಣಕಾಲೂರಿ ಕೂತ. ಆಯಿ, ಅತ್ತಿ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಕೈಮುಗಿದ. ಅವ್ವ ಅವನ ಕೈಯನ್ನೇ ನೋಡುತ್ತಿದ್ದಳು.

"ಕ್ಷಮಾ ಅನ್ನು ಮಾರಾಯ್ತಿ," ಅಂದ ಕಡೆಗೆ.

"ದೇವರ ಗೂಡಿನಾಗ ಒಂದ ಕಾಗದ ಐತ್ರಿ. ತರ್ರಿ."

ಅವನು ತಂದ.

"ಸಹಿ ಮಾಡ್ರಿ. ಆಮ್ಯಾಲ ಅಂತೇನಿ."

ಅವನ ಕೈಯಲ್ಲಿ ಬರೆಯುವ ಟಾಕು ಇರಲಿಲ್ಲ. ಅತ್ತಿಯೇ ಒಳಗಿನಿಂದ ಟಾಕು, ಮಸಿಯ ದೌತಿ ತಂದು, ಅಣ್ಣನ ಮುಂದೆ ನೆಲದ ಮೇಲೆ ಇಟ್ಟು ದೂರ ಸರಿದಳು. ಅಪ್ಪ ಹಾಸಿಗೆಯ ಅಂಚಿನಲ್ಲಿ ಕಾಗದವಿಟ್ಟು ಆ ಖಾಲಿ ಗೆರೆಯ ಮೇಲೆ ತನ್ನ ಹೆಸರು ಬರೆದ. ಅವ್ವ ಕ್ಷಮಾ ಅಂದಳು. ಅತ್ತಿ ಕೆಳಗೆ ಕೂತು ಅಳತೊಡಗಿದಳು.

ಅತ್ತಿ ದೀಪಾವಳಿ ಮುಗಿಸಿಕೊಂಡು ಹೋದಳು, ಮುಂದೆ ಊರೂರಿನಲ್ಲಿ ಕಲಿಸಿದಳು. ಕಾಗದ ಹರಿಯಲಿಲ್ಲ, ಹೀಗಾಗಿ ಅಪ್ಪನ ತ್ಯಾಗವೂ ಹರಿಯಲಿಲ್ಲ. ರಜೆಗೆ ಅತ್ತಿ ಬಂದಾಗ ಅವಳ ಚೀಲ ಹೊತ್ತು ತರಲು ಅವನೇ ಗಾಡಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದ, ಅವಳಿಗೆ ಹೊಸ ಜೋಳದ ಚೀಲ ಕಟ್ಟಿ ಕಳಿಸುತ್ತಿದ್ದ. ಅವಳು ಬೀಸಿದ ಹಿಟ್ಟನ್ನು ಮಾತ್ರ ಸಾಯುವ ತನಕ ಬಾಯಿಗೆ ಹಾಕಲಿಲ್ಲ. ಸಿಟ್ಟೆಂಬ ಕೈ ಯಾವತ್ತೋ ಬಿಟ್ಟು ಹೋಗಿತ್ತು. ಬವರಿ ಎಂಬ ಮಾತಿನ ಅರ್ಥವನ್ನು ಯಾರಾದರೂ ಕೇಳಿದರೆ ನಾನು ಕಲ್ಲನ್ನೂ ಬುಗುರಿಯನ್ನೂ ಬಿಟ್ಟು ಇದನ್ನೇ ಹೇಳುತ್ತೇನೆ. ಕೇಳುವವರು ಕಡಿಮೆ.

ಅವತ್ತಿನದು ಇನ್ನೂ ಸ್ವಲ್ಪ ಉಳಿದಿದೆ. ಎಲ್ಲರೂ ಎಲ್ಲರಿಗೂ ಕೈಮುಗಿದರು. ನಾನು ಕಾಳಿನ ಕಣಜದ ಹಿಂದೆ ಅಡಗಿ ಕೂತಿದ್ದೆ. ನಾನು ಕ್ಷಮೆ ಕೇಳಬೇಕು, ಅವ್ವ ಕ್ಷಮಾ ಅನ್ನುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಅಂದುಬಿಡುತ್ತಾರೆ ಎಂಬ ಭಯ. ಏನು ಮುಗಿಯಿತು ಎಂಬುದೇ ನನಗೆ ಯಾರೂ ಹೇಳಿರಲಿಲ್ಲ. ಹಾಸಿಗೆಯಿಂದ ಅವ್ವ ಕರೆದಳು.

"ಪದ್ದಿ, ಬಾರವ್ವಾ. ನನಗ ಎದ್ದ ಬರಾಕ ಆಗೂದಿಲ್ಲ."

ಹೋದೆ. ನಾನು ಕೈಮುಗಿಯುವ ಮೊದಲೇ ಅವಳು ಮಲಗಿದಲ್ಲಿಂದಲೇ ನನಗೆ ಕೈಮುಗಿದಳು. ಅವಳ ಬಳೆಗಳು ಮೊಣಕೈಯವರೆಗೆ ಇಳಿದವು.

"ನಿನ್ನ ಬಾಯಾಗ ಸುಳ್ಳ ಇಟ್ಟಾಕಿ ನಾನು. ಹಂಗ ಮಾಡಬಾರದಿತ್ತು. ಕ್ಷಮಾ ಮಾಡವ್ವಾ."

ನಾನು ಅನ್ನಬೇಕಾದದ್ದನ್ನು ಅನ್ನಲಿಲ್ಲ. ಇಷ್ಟು ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅವ್ವಾ, ತಮ್ಮನೋ ತಂಗಿನೋ?"

ಅಪ್ಪ ಎದ್ದು ಹೊರಗೆ ಹೋದ.

"ತಂಗಿ," ಅಂದಳು ಅವ್ವ. ಮುಗಿದ ಕೈಯನ್ನು ಇಳಿಸಲಿಲ್ಲ. "ನೀ ಇನ್ನಾ ಅಂದಿಲ್ಲ ನೋಡು."

ಅವಳ ಮೇಲೆ, ಅಪ್ಪನ ಮೇಲೆ, ಅತ್ತಿಯ ಕಾಗದದ ಮೇಲೆ, ನನಗೆ ತಲೆದೂಗಿದ ಪಂಡಿತರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ ನನಗೆ ಎಂಥ ಸಿಟ್ಟಿತ್ತೆಂದರೆ ಹಲ್ಲು ಕಚ್ಚಿಕೊಂಡಿದ್ದೆ. ಆದರೂ "ಕ್ಷಮಾ" ಎಂದೆ. ನನ್ನ ನೇಮ ಮುಗಿದ ಮೇಲೆ ನಾನು ಆಡಿದ ಮೊದಲ ಸುಳ್ಳು ಅದು. ಅವ್ವನಿಗೆ ಅದು ಗೊತ್ತಾಯಿತು. ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದಳು.